ಅಕ್ಕಿಯಲ್ಲಿ ಬರೆದ ಹೆಸರು

ನನ್ನ ತಂಗಿಯ ಮಗಳ ಪರದೇಶದ ಮಾತು ತೀರ್ಮಾನವಾದದ್ದು ಮಹಾರಾಷ್ಟ್ರ ಗಡಿಯೊಳಗಿನ ಉಮರ್ಗಾದ ನನ್ನ ಮನೆಯ ಮಂಚದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ನಾನು ಸರಕಾರಿ ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಅವಳೂ ನರ್ಸ್. ನಿಲಂಗಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ, ಎಂಟು ವರ್ಷದ ಮಗಳೊಂದಿಗೆ ಬಾಡಿಗೆ ಕೋಣೆಯಲ್ಲಿ ವಾಸ. ಉದಗೀರದ ಗಂಡನ ಮನೆ ಬಿಟ್ಟು ಮೂರು ವರ್ಷವಾಗಿತ್ತು. ವಿಚ್ಛೇದನವಾಗಿರಲಿಲ್ಲ, ಕೋರ್ಟಿನ ಮೆಟ್ಟಿಲು ಇಬ್ಬರಿಗೂ ಬೇಡವಾಗಿತ್ತು.

ಚಾದರ ಬಿಗಿದು ಹಾಸಿ, ಅವಳು ತಂದ ಕಾಗದಗಳನ್ನು ಮೂರು ಸಾಲಾಗಿ ಇಟ್ಟೆ. "ಒಂದೊಂದ ಹೇಳು" ಎಂದೆ.

"ದುಬೈ, ಸೌದಿ ಲಗೂನ ಆಗ್ತದ ದೊಡ್ಡವ್ವ. ಖರೆ ನನ್ನ ಪಗಾರಕ್ಕ ಕೂಸಿನ್ನ ಸಂಗಟ ಇಟ್ಕೊಳ್ಳಾಕ ಬಿಡಂಗಿಲ್ಲ."

"ತಗಿ ಅದನ್ನ."

"ಇಂಗ್ಲೆಂಡಿಗಿ ಈಗ ಭರ್ತಿ ಕಮ್ಮಿ ಅಂತ ಏಜೆಂಟ್ ಅಂತಾನ. ಜರ್ಮನಿಗಿ ಹೋಗಬೇಕಂದ್ರ ಭಾಷಾ ಕಲ್ತು ಪರೀಕ್ಷಾ ಕೊಡಬೇಕು. ಕೂಸಿಗಿ ಒಯ್ಯಾಕ ಬರ್ತದ, ಅವರಪ್ಪ ಒಪ್ಪಿ ಬರ್ದು ಕೊಟ್ರ."

"ಕೊಡಲಿಲ್ಲಂದ್ರ?"

"ಆಕಿನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ."

ಮಂಚದ ಮೇಲೆ ಒಂದೇ ಸಾಲು ಉಳಿಯಿತು.

ಮರುದಿನದಿಂದ ಬೆಳಿಗ್ಗೆ ಐದಕ್ಕೆ ಫೋನಿನಲ್ಲಿ ಅವಳ ಜರ್ಮನ್ ಪಾಠ. ಐದಕ್ಕೆ ಐದು ನಿಮಿಷವಿರುವಾಗ ನಾನು ಇಲ್ಲಿಂದ ಫೋನು ಮಾಡಿ "ಗೂಟನ್ ಮೊರ್ಗನ್" ಎಂದು ಎಬ್ಬಿಸುತ್ತಿದ್ದೆ. ಆಮೇಲೆ ನನಗೂ ನಿದ್ದೆ ಬಾರದೆ ಪಾಠ ಕೇಳತೊಡಗಿದೆ. ನನ್ನ ಮೊದಲ ನೇಮಕಾತಿ ಪತ್ರ ಬಂದ ದಿನದ ನಂತರ ಅಷ್ಟು ಹುರುಪು ನನಗೆ ಬಂದದ್ದೇ ಇಲ್ಲ. ನಮ್ಮಿಬ್ಬರ ತಪ್ಪನ್ನೂ ತಿದ್ದುತ್ತಿದ್ದವಳು ಅವಳ ಮಗಳು. ಒಂದೂವರೆ ವರ್ಷದ ಮೇಲೆ ತಾಯಿ ಪುಣೆಗೆ ಹೋಗಿ ಪರೀಕ್ಷೆ ಬರೆದಳು, ಪಾಸಾದಳು. ಆ ದಿನ ನಾನು ಓಣಿಗೆಲ್ಲ ಪೇಢಾ ಹಂಚಿದೆ.

ಮಗುವಿನ ಅರ್ಜಿ ತುಂಬಲು ಕೂತಾಗ ನನ್ನ ಪೆನ್ನು ನಿಂತಿತು. ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ!

ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರಲ್ಲಿ ಆ ಹೆಸರು ಬರೆಯುತ್ತಾನೆ. ಇವಳ ನರ್ಸಿಂಗ್ ಸರ್ಟಿಫಿಕೇಟು, ಪಾಸ್‌ಪೋರ್ಟು ತವರಿನ ಹೆಸರಿನಲ್ಲಿದ್ದವು. ಮಗಳ ಕಾಗದಗಳೆಲ್ಲ ಅಕ್ಕಿಯ ಹೆಸರಿನಲ್ಲಿ. ಕಾಗದದ ಪ್ರಕಾರ ಈ ಮಗು ಇವಳದಲ್ಲ. ಇಂಜೆಕ್ಷನ್ ಕೊಡುವ ಮೊದಲು ಹೆಸರು ಎರಡು ಸಲ ಕೇಳು ಎಂದು ಎಷ್ಟು ಹುಡುಗಿಯರಿಗೆ ಕಲಿಸಿದ್ದೆ! ಆ ಮದುವೆಯಲ್ಲಿ ತಾಟು ಹಿಡಿದು ನಿಂತವಳೂ ನಾನೇ.

ಹೆಸರು ಬದಲಾದದ್ದನ್ನು ಸರಕಾರಿ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಬಹುದಿತ್ತು. ಆದರೆ ಒಪ್ಪಿಗೆ ಪತ್ರದಲ್ಲಿ 'ಎರಡೂ ಹೆಸರು ಒಬ್ಬಳದೇ, ಅವಳೇ ನನ್ನ ಮಗಳ ತಾಯಿ' ಎಂದು ಗಂಡನೇ ಬರೆಯಬೇಕಿತ್ತು. ಶುಕ್ರವಾರ ಬೆಳಗಿನ ಎಸ್ಟಿ ಬಸ್ಸು ಹತ್ತಿದೆ. ನಿಲಂಗಾದಲ್ಲಿ ತಾಯಿ ಮಗಳು ಕೂಡಿಕೊಂಡರು.

ಉದಗೀರದ ಮನೆ ಬಾಗಿಲಲ್ಲೇ ಅವಳ ಅತ್ತೆ ಸಿಕ್ಕರು. "ಬರ್ರಿ ಸಿಸ್ಟರ್ ಬಾಯಿ. ನಾಕೂವರಿ ವರ್ಷ ಆದ ಮ್ಯಾಲ ಸೂಜಿ ಚುಚ್ಚಾಕ ಬಂದೀರೇನು?"

"ನೋವಾಗದಂಗ ಚುಚ್ತೀನ್ರಿ" ಎಂದೆ.

ಗಂಡನದು ಮನೆಯ ಮುಂದೆಯೇ ಮೋಟಾರ್ ರಿವೈಂಡಿಂಗ್ ಅಂಗಡಿ. ಕೈಯಲ್ಲಿ ತಾಮ್ರದ ತಂತಿ ಹಿಡಿದೇ ಒಳಗೆ ಬಂದ. ನಾನು ಹೇಳುವುದನ್ನು ಪೂರ್ತಿ ಕೇಳಿ, ಮಗಳನ್ನು ನೋಡಿ, "ನಾ ಸಹಿ ಮಾಡಂಗಿಲ್ಲ. ಅಷ್ಟು ದೂರ ಹೋದ್ರ ಈಕಿ ನನಗ ಮರೀತಾಳ" ಎಂದ.

ಸಿಟ್ಟಿಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಇದು ಸಿಟ್ಟಲ್ಲ, ಹೆದರಿಕೆ. ಚೀಲದಿಂದ ಒಂದು ಹಾಳೆ ತೆಗೆದು ಗೆರೆ ಎಳೆದೆ. "ಪ್ರತಿ ರವಿವಾರ ವಿಡಿಯೋ ಕಾಲ್. ಅಲ್ಲಿ ಮಧ್ಯಾಹ್ನ ಹನ್ನೆರಡು. ಇಲ್ಲಿ ಬ್ಯಾಸಿಗ್ಯಾಗ ಮೂರೂವರಿ, ಚಳಿಗಾಲದಾಗ ನಾಕೂವರಿ."

"ತಪ್ಪಿಸಿದ್ರ?"

"ನನಗ ಫೋನ್ ಮಾಡ್ರಿ. ನಾ ನೋಡ್ಕೋತೀನಿ."

"ತಪ್ಪಂಗಿಲ್ಲ ಬಿಡು" ಎಂದರು ಅತ್ತೆ. "ಈ ಸಿಸ್ಟರ್ ಬಾಯಿಗಿ ಗಡಿಯಾರ ಸುದ್ದಾ ಹೆದರ್ತದ."

ಮಗಳು ಅಪ್ಪನ ತೋಳು ಹಿಡಿದು, "ಪಪ್ಪಾ, ನೀನೂ ಕಲಿ. ಐನ್ಸ್, ತ್ಸ್ವೈ, ದ್ರೈ" ಎಂದು ಎಣಿಸಿದಳು. ಅವನು ಎರಡರಲ್ಲೇ ಎಡವಿದ. ಅವಳು ನಕ್ಕಳು, ಅವನೂ ನಕ್ಕ. ಆದರೂ ಪೆನ್ನು ಮುಟ್ಟಲಿಲ್ಲ.

ಆಗ ಅತ್ತೆ, ಮಗನ ಕಡೆ ನೋಡದೆ, ಚಹಾದ ಕಪ್ಪು-ಬಸಿ ಜೋಡಿಸುತ್ತ ಹೇಳಿದರು: "ಈ ಮನ್ಯಾಗ ನಂದೂ ಹೆಸರು ಬದಲ್ ಮಾಡಿದ್ರು. ಮೊದಲಿನ ಹೆಸರು ಹಿಡದು ಕರಿಯವರು ಈಗ ಒಬ್ಬರೂ ಉಳಿದಿಲ್ಲ. ಈಕಿ ಹೆಸರು ನೀ ಅಕ್ಕಿಯೊಳಗ ಬರ್ದಿದ್ದಿ. ಆ ಅಕ್ಕಿ ಅವತ್ತೇ ಅನ್ನ ಮಾಡಿ ಉಂಡೀವಿ. ಈಗ ಕಾಗದದ ಮ್ಯಾಲ ಬರಿ, ಏಳು."

ಅವನು ತಂತಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದ.

ತಹಸೀಲ್ ಕಚೇರಿ ಹತ್ತಿರದ ಟೈಪಿಸ್ಟ್ ಮಷಿನ್ನಿಗೆ ಬಾಂಡ್ ಪೇಪರ್ ಏರಿಸಿ, ಯಾವ ಹೆಸರು ಮೊದಲು ಎಂದು ಮರಾಠಿಯಲ್ಲಿ ಕೇಳಿದ. ನನ್ನ ತಂಗಿಯ ಮಗಳು ಬಾಯಿ ತೆರೆಯುವ ಮೊದಲೇ ಗಂಡ ಅವಳ ತವರಿನ ಹೆಸರು ಹೇಳಿದ. ಮದುವೆಯಾದ ಮೇಲೆ ಅವನ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು ಎಂದು ಆಮೇಲೆ ಬಸ್ಸಿನಲ್ಲಿ ಅವಳು ಹೇಳಿದಳು. ಸಹಿಯಾಯಿತು, ನೋಟರಿಯ ಶಿಕ್ಕಾ ಬಿತ್ತು. ಫೈಲನ್ನು ನಿಲಂಗಾದವರೆಗೆ ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದೆ.

ಗೆಜೆಟ್ಟು, ಮಗುವಿನ ಪಾಸ್‌ಪೋರ್ಟು, ವೀಸಾ ಎಂದು ಮತ್ತೆ ಏಳು ತಿಂಗಳು ಹಿಡಿಯಿತು. ಹೋದ ಬೇಸಿಗೆಯಲ್ಲಿ ತಾಯಿ ಮಗಳು ಇಬ್ಬರೂ ವಿಮಾನ ಹತ್ತಿದರು.

ಮೊದಲ ಭಾನುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ನನ್ನ ಫೋನು ಬಡಿಯಿತು. ಉದಗೀರದಿಂದ ಅವನು.

"ಮಾವಶಿ, ಕಾಲ್ ಇನ್ನೂ ಬಂದಿಲ್ಲಲ್ರಿ?"

"ಇನ್ನೂ ಎರಡು ನಿಮಿಷ ಅದಾವ" ಎಂದೆ. "ಫೋನ್ ಇಡ್ರಿ ಮೊದಲ. ಆಕಿ ಮಾಡಿದ್ರ ಹ್ಯಾಂಗ ಹತ್ತಬೇಕು?"