ಇಪ್ಪತ್ತಾರನೆಯ ಬಟ್ಟಲು

ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿದ್ದು ಆದರ್ಶಕ್ಕೇನೂ ಅಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನಿನಲ್ಲಿ ಯಶಸ್ವಿ ದಿನಾ ವಾಂತಿ ಮಾಡುತ್ತಿದ್ದಳು. ಪಂಜ ಪೇಟೆಯಿಂದ ಒಳಗೆ, ನಮ್ಮ ಬಾಡಿಗೆ ಮನೆಯ ಹಿಂದೆಯೇ ಕಿರಿಯ ಪ್ರಾಥಮಿಕ ಶಾಲೆ, ನಡೆದೇ ಹೋಗಬಹುದು. ಮೈಸೂರಿನಲ್ಲಿ ಓದಿ ಬೆಳೆದ ನನಗೆ ಅಲ್ಲಿಯೂ ಹೆದರಿಕೆ. ಬಾವಿಗೆ ಬಲೆ ಹಾಕಿದ್ದಾರೋ, ಸಾಂಬಾರು ಕುದಿಯುವಾಗಲೇ ಬಡಿಸುತ್ತಾರೋ? ಮೊದಲ ವಾರವೇ ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಕಮಲಾವತಿಯಕ್ಕನ ಪರಿಚಯವಾದದ್ದು ಹಾಗೆ.

ಐವತ್ತು ದಾಟಿದ ಹೆಂಗಸು. ಮದುವೆಯಾಗಿಲ್ಲ, ಅಣ್ಣ ಬೋಜಪ್ಪ ಗೌಡರ ಮನೆಯಲ್ಲಿ ವಾಸ. ಅಲ್ಲಿ ಅವರಿಗೆ ಕೋಣೆಯಿದೆ, ಊಟವಿದೆ, ಯಾರೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಒಳ್ಳೆಯ ಮಾತು ಆಡುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ. ಅವರ ಮಾತೆಲ್ಲ ಶಾಲೆಯಲ್ಲಿ, ಸುಹರಾ ಜೊತೆ.

ಸುಹರಾ ಅಲ್ಲಿಯ ಇನ್ನೊಬ್ಬ ಅಡುಗೆಯವರು, ಬ್ಯಾರಿ ಹೆಂಗಸು, ವಯಸ್ಸಿನಲ್ಲಿ ಚಿಕ್ಕವರು. ಒಬ್ಬರು ಕಾಯಿ ತುರಿಯುತ್ತ, ಇನ್ನೊಬ್ಬರು ಅಕ್ಕಿ ಆರಿಸುತ್ತ, ತುಳುವಿನಲ್ಲಿ ಮುಗಿಯದ ಮಾತು. ಸುಹರಾ ರಂಜಾನಿನ ನೋಂಬು ಹಿಡಿದ ದಿನಗಳಲ್ಲಿ ಅಡುಗೆಯ ರುಚಿ ನೋಡುವುದು ಕಮಲಾವತಿಯಕ್ಕ. ಸಂಕಷ್ಟಿಗೆ ಇವರು ಉಪವಾಸವಿದ್ದರೆ ಸುಹರಾ. ನಾನು ಬಾಗಿಲಿಗೆ ಬಂದರೆ ನನಗಾಗಿ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು.

“ನಿಮ್ಮ ಕಮಲಕ್ಕ ಉಪ್ಪು ಹಾಕುದು ಹಾಲಿಗೆ ಹೆಪ್ಪು ಹಾಕಿದ ಹಾಗೆ,” ಎನ್ನುವರು ಸುಹರಾ.

“ನಿನ್ನ ಕೈಗೆ ಉಪ್ಪು ಕೊಟ್ಟರೆ ಮಕ್ಕಳನ್ನು ಒಣಮೀನಿನ ಹಾಗೆ ಬಿಸಿಲಿಗೆ ಹಾಕ್ಬೇಕಾದೀತು ಮಾರಾಯ್ತಿ!”

ಮೊದಲು ಮುಖ್ಯರಸ್ತೆಯವರೆಗೆ ಮಾತ್ರ ಬರುತ್ತಿದ್ದ ಆ ಇಂಗ್ಲಿಷ್ ಶಾಲೆಯ ವ್ಯಾನು ಈ ಜೂನಿನಲ್ಲಿ ಒಳದಾರಿಗೂ ಬಂತು. ಮೂವರು ಮಕ್ಕಳು ಅದನ್ನು ಹತ್ತಿ ಹೋದರು. ಶಾಲೆಯಲ್ಲಿ ಉಳಿದದ್ದು ಇಪ್ಪತ್ತೈದು ಮಕ್ಕಳು.

“ಸರ್ಕಾರದ ಲೆಕ್ಕ ಉಂಟು,” ಎಂದು ಶ್ರೀರಾಮ ಮಾಷ್ಟ್ರು ಪೋಷಕರನ್ನೆಲ್ಲ ಕೂರಿಸಿ ಹೇಳಿದರು. “ಇಪ್ಪತ್ತೈದರವರೆಗೆ ಒಬ್ಬರು ಅಡುಗೆಯವರು, ಇಪ್ಪತ್ತಾರಾದರೆ ಇಬ್ಬರು. ಅಕ್ಕಿ, ಅನುದಾನ ಎಲ್ಲ ತಲೆ ಎಣಿಸಿಯೇ ಬರುದು. ಇನ್ನೊಂದು ಮಗು ಸಿಗದಿದ್ದರೆ ಕೊನೆಗೆ ಸೇರಿದವರು ಹೋಗ್ಬೇಕು.”

ಕೊನೆಗೆ ಸೇರಿದವರು ಸುಹರಾ.

ಆ ವಾರ ನಾನು ನಿದ್ದೆಗೆಟ್ಟೆ. ಒಬ್ಬರೇ ಅಷ್ಟು ದೊಡ್ಡ ಪಾತ್ರೆ ಹೇಗೆ ಇಳಿಸುತ್ತಾರೆ, ಜಾರಿದರೆ, ಪಕ್ಕದಲ್ಲಿ ಮಕ್ಕಳಿದ್ದರೆ? ಕಮಲಾವತಿಯಕ್ಕನೇ ನನಗೆ ಸಮಾಧಾನ ಹೇಳಿದರು.

“ಗಾಬರಿ ಮಾಡ್ಬೇಡಿ ಯಶಸ್ವಿಯ ಅಮ್ಮ. ದಿನಾ ಮೂವತ್ತು ಬಟ್ಟಲು ತೊಳಿಯುದು ನಾನು. ನನಗೆ ಗೊತ್ತಿಲ್ವಾ?”

ಅದು ನಿಜ. ತೋಟದ ಕೆಲಸಕ್ಕೆ ಹೋಗುವ ತಾಯಂದಿರು ದೊಡ್ಡವರ ಜೊತೆ ಸಣ್ಣವರನ್ನೂ ಶಾಲೆಗೆ ಕಳುಹಿಸಿಬಿಡುತ್ತಾರೆ. ಅಂಗನವಾಡಿ ದೂರ. ಅಕ್ಕನ ಪಕ್ಕದಲ್ಲಿ ಮೂರು ವರ್ಷದ ತಂಗಿ, ಅವಳ ಮುಂದೆ ಒಂದು ಬಟ್ಟಲು. ಸರ್ಕಾರ ಎಣಿಸುವುದು ಉಣ್ಣುವವರನ್ನು ಎಂದೇ ಕಮಲಾವತಿಯಕ್ಕ ತಿಳಿದಿದ್ದರು. ಅಡುಗೆಯವರ ಲೆಕ್ಕಕ್ಕೆ ಬೇರೆ ಯಾವ ಮಕ್ಕಳು?

“ಕಂಪ್ಯೂಟರಿನಲ್ಲಿ ಹೆಸರು ಇರಬೇಕೇನೋ,” ಎಂದೆ.

“ಹೆಸರು ಉಣ್ತದಾ?” ಎಂದು ನಕ್ಕರು.

ಮಕ್ಕಳ ಲೆಕ್ಕ ನೋಡಲು ಇಲಾಖೆಯವರು ತಪಾಸಣೆಗೆ ಬರುವುದಿತ್ತು. ಹಿಂದಿನ ದಿನ ಕಮಲಾವತಿಯಕ್ಕ ಮನೆಮನೆಗೆ ಹೇಳಿಕಳುಹಿಸಿದರು: ಸಣ್ಣವರನ್ನು ಮರೆಯದೆ ಕಳಿಸಿ, ಮುಖ ತೊಳೆದು ಪೌಡರ್ ಹಾಕಿ. ಮರುದಿನ ಜಗಲಿಯಲ್ಲಿ ಉದ್ದದ ಸಾಲು. ಬಂದ ಅಧಿಕಾರಿ ಸಾಲಿನ ತುದಿಯಲ್ಲಿ ನಿಂತರು. ಅಲ್ಲೊಂದು ಮಗು ಬಟ್ಟಲನ್ನು ತಲೆಯ ಮೇಲೆ ಕವುಚಿಕೊಂಡು ಕುಳಿತಿತ್ತು.

“ಇವರೆಲ್ಲ ಯಾರು?”

“ನಮ್ಮ ಶಾಲೆಯ ಮಕ್ಕಳೇ ಸರ್. ಬೇಕಾದ್ರೆ ಎಣಿಸಿ,” ಎಂದರು ಕಮಲಾವತಿಯಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಅವರನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

“ದಾಖಲಾತಿ ಇಲ್ಲದವರಿಗೆ ಶಾಲೆಯ ಅಕ್ಕಿ ಬೇಯಿಸ್ತೀರಾ? ಆಡಿಟ್‌ನವರು ನಾಳೆ ನನ್ನನ್ನು ಕೇಳ್ತಾರಮ್ಮ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮಾಷ್ಟ್ರು ನೆಲ ನೋಡಿದರು.

ಮುಂದಿನ ವಾರ ಆದೇಶ ಬಂತು. ಅಡುಗೆಗೆ ಒಬ್ಬರು. ಸಣ್ಣವರು ಬರಕೂಡದು. ಅಡುಗೆಕೋಣೆಯ ಬಾಗಿಲಿಗೆ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡೂ ಬಂತು.

“ಹೋಗ್ಲಿ ಬಿಡಿ ಕಮಲಕ್ಕ, ನಿಮ್ಮ ಸಪ್ಪೆ ಸಾಂಬಾರು ತಪ್ಪಿತು ನನಗೆ,” ಎಂದು ಹೇಳಿ ಸುಹರಾ ಪುತ್ತೂರಿನ ಕಡೆಯ ಗೇರುಬೀಜದ ಕಾರ್ಖಾನೆಗೆ ಸೇರಿದರು.

ದೊಡ್ಡ ಪಾತ್ರೆಯ ಬದಲು ಈಗ ಎರಡು ಸಣ್ಣ ಪಾತ್ರೆ. ಒಬ್ಬರೇ ಇಳಿಸುತ್ತಾರೆ. ನಾನು ಹೆದರಿದ ಯಾವುದೂ ಆಗಲಿಲ್ಲ. ಆದದ್ದು ಬೇರೆ: ಆ ಕೋಣೆಯಿಂದ ಒಗ್ಗರಣೆಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ.

ಮೊನ್ನೆ ಸೋಮವಾರ ಯಶಸ್ವಿಯ ಬಿಸಿನೀರಿನ ಬಾಟಲಿ ಕೊಡಲು ಹೋಗಿದ್ದೆ. ಕಮಲಾವತಿಯಕ್ಕ ಮೆಟ್ಟುಕತ್ತಿಯ ಮುಂದೆ ಕುಳಿತು ಅಲಸಂಡೆ ಹೆಚ್ಚುತ್ತಿದ್ದರು.

“ಸುಹರಾಗೆ ಫೋನು ಮಾಡಬಹುದಲ್ಲ?” ಎಂದೆ.

“ಮಾಡಿದೆ. ಊಟ ಆಯ್ತಾ ಕೇಳಿದೆ, ಆಯ್ತು ಅಂದಳು. ಮತ್ತೆ ಇಬ್ಬರೂ ಸುಮ್ಮನೆ.” ಇನ್ನೊಂದು ಹಿಡಿ ಅಲಸಂಡೆ ಎಳೆದುಕೊಂಡು ಅವರೇ ಹೇಳಿದರು. “ನಿನ್ನೆ ಮನೆಗೇ ಬಂದಿದ್ದಳು. ನೆಂಟರ ಹಾಗೆ ಕುರ್ಚಿಯಲ್ಲಿ ಕೂತಳು. ಅತ್ತಿಗೆ ಚಾ ಕೊಟ್ಟರು. ನಾನೂ ಎದುರು ಕೂತೆ. ಕೈ ಎಲ್ಲಿ ಇಡುದು ಅಂತ ಗೊತ್ತಾಗ್ಲಿಲ್ಲ ನನಗೆ. ಕೈಯಲ್ಲಿ ಕೆಲಸ ಇದ್ರೆ ಮಾತ್ರ ಬರುವ ಮಾತು ನಮ್ಮದು. ಬಸ್ಸು ಉಂಟು ಅಂತ ಬೇಗ ಎದ್ದು ಹೋದಳು. ಆ ಹೊತ್ತಿಗೆ ಬಸ್ಸಿಲ್ಲ.”

“ನಾನು ಹೆಚ್ಚಿ ಕೊಡಲಾ?”

ಅವರು ಬೋರ್ಡಿನ ಕಡೆ ನೋಡಿದರು. “ಬೇಡ. ಇನ್ನೊಂದು ತಪ್ಪಾದ್ರೆ ಮಾಷ್ಟ್ರ ತಲೆಗೆ ಬರ್ತದೆ.” ನಾನು ತಿರುಗಿದಾಗ, “ಹೋಗ್ಬೇಡಿ. ಅಲ್ಲಿಯೇ ಹೊರಗೆ ನಿಂತು ಎಂತಾದ್ರೂ ಹೇಳಿ,” ಎಂದರು.

ದಿನವಿಡೀ ಚಿಂತೆ ತೋಡಿಕೊಳ್ಳುವವಳು ನಾನು; ಆಗ ಒಂದೂ ನೆನಪಾಗಲಿಲ್ಲ. ಕೊನೆಗೆ ಯಶಸ್ವಿಯ ಕೆಮ್ಮಿನ ವಿಷಯ ತೆಗೆದೆ. ಕಮಲಾವತಿಯಕ್ಕ ತಲೆಯೆತ್ತದೆ ಅಲಸಂಡೆ ಹೆಚ್ಚುತ್ತ, “ಹ್ಞೂಂ, ಮತ್ತೆ?” ಎಂದರು.