ಬರ್ನರಿನಲ್ಲಿ ಸಿಕ್ಕ ಅನ್ನ

ನನ್ನ ಮೊಮ್ಮಗಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಬೆಳಿಗ್ಗೆ ಅವಳೇ ಗ್ಯಾಸ್ ಹಚ್ಚಿ ನನಗೆ ಕಾಫಿ ಮಾಡಿಕೊಡುತ್ತಾಳೆ. ಆ ಲೋಟ ಕೈಗೆ ಬಂದಾಗ ಆಗುವ ಖುಷಿಯನ್ನು ಬರೆಯಲು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಬರುವುದಿಲ್ಲ. ಎದೆ ತುಂಬಿ ಬರುತ್ತದೆ, ಅಷ್ಟೇ. ಆದರೆ ಅವಳು ಲೈಟರ್ ಒತ್ತಿದ ಸದ್ದಿನ ಹಿಂದೆಯೇ ಒಂದು ಏಟಿನ ಸದ್ದೂ ನೆನಪಾಗುತ್ತದೆ. ಆ ಏಟು ಬೀಳಬೇಕಾಗಿದ್ದದ್ದು ನನಗೆ.

ಆಗ ಅವಳಿಗೆ ನಾಲ್ಕು ವರ್ಷ. ಮಗನಿಗೆ ಕಾರ್ಖಾನೆ ಕೆಲಸ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಬರ್ನರಿನ ಗ್ಯಾಸ್ ಒಲೆಯನ್ನು ಸೊಸೆಯ ತವರಿನವರು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಿಂದ ತಂದುಕೊಟ್ಟಿದ್ದರು. ನಾನು ಅಲ್ಲಿಯವರೆಗೂ ಸೌದೆ ಒಲೆ ಊದಿದವಳು. ಅನ್ನ ಆದ ಮೇಲೆ ತುಪ್ಪ ಸೋಕಿಸಿದ ನಾಲ್ಕು ಅಗುಳನ್ನು ಬೆಂಕಿಗೆ ಹಾಕಿ, ಆಮೇಲೆ ಮನೆಯವರಿಗೆ ಬಡಿಸುವುದು ನಮ್ಮಮ್ಮ ಕಲಿಸಿದ್ದು. ಗ್ಯಾಸ್ ಬಂತೆಂದು ಅಗ್ನಿ ಬೇರೆಯಾಗುತ್ತಾನೆಯೇ? ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದೊಡ್ಡ ಬರ್ನರಿಗೆ ಅಗುಳು ಹಾಕುತ್ತಿದ್ದೆ. ಚಟಪಟ ಅಂದರೆ ಸಾಕು, ಅವಳು ಕೇಕೆ ಹಾಕಿ ನಗುತ್ತಿದ್ದಳು. ಆ ನಗು ನೋಡುವ ಆಸೆಗೆ ನಾಲ್ಕು ಅಗುಳು ಹತ್ತಾಯಿತು, ಇಪ್ಪತ್ತಾಯಿತು.

“ಅಮ್ಮಂಗೆ ಹೇಳ್ಬೇಡ ಕಣೇ, ಇದು ನಮ್ಮಿಬ್ರುದೇ” ಅಂದಿದ್ದೆ. ಸೊಸೆ ಪಿಯುಸಿ ಓದಿದವಳು, ಎಲ್ಲಿ ನಗುತ್ತಾಳೋ ಎಂದು ನನಗೆ ಸಂಕೋಚ.

ಕೆಲವು ತಿಂಗಳಲ್ಲಿ ದೊಡ್ಡ ಬರ್ನರ್ ಹಳದಿಯಾಗಿ ಉರಿಯತೊಡಗಿತು. ಪಾತ್ರೆಯ ತಳವೆಲ್ಲ ಮಸಿ. ಸಾರು ಕುದಿಯುವಷ್ಟರಲ್ಲಿ ಡ್ಯೂಟಿಗೆ ಹೊತ್ತಾಗಿ, ಮಗ ಬರೀ ಮೊಸರನ್ನ ತಿಂದು ಸೈಕಲ್ ಹತ್ತುತ್ತಿದ್ದ. ಹೊಸ ಸಿಲಿಂಡರ್ ಹಾಕಿದೆವು, ಹಾಗೇ. ರಬ್ಬರ್ ಪೈಪ್ ಬದಲಾಯಿಸಿದೆವು, ಆಗಲೂ ಹಾಗೇ. ಮಸಿ ಉಜ್ಜಿ ಉಜ್ಜಿ ಸೊಸೆಯ ಬೆರಳು ಒಡೆದಿದ್ದವು. ನಾನೋ, ಅವಳಿಗೆ ಕೇಳಿಸುವ ಹಾಗೇ ಪಕ್ಕದ ಮನೆಯವಳಿಗೆ, “ದುರ್ಗಿಗುಡಿ ಒಲೆ ಮಾರಾಯ್ತಿ, ನೋಡೋಕೆ ಮಾತ್ರ ಥಳಕು” ಅಂದೆ. ಸೊಸೆ ತಲೆ ಎತ್ತದೆ ಉಜ್ಜುತ್ತಲೇ ಇದ್ದಳು.

ಒಂದು ಭಾನುವಾರ ಮಗ ರಿಪೇರಿಯವನನ್ನು ಕರೆತಂದ. ಅವನು ಎರಡೂ ಬರ್ನರ್ ಹಚ್ಚಿ ನೋಡಿದ.

“ಚಿಕ್ಕದು ನೀಲಿ ಉರೀತಿದೆಯಲ್ಲಮ್ಮ. ಹಂಗಾದ್ರೆ ಗ್ಯಾಸು, ಪೈಪು ಸರಿಯಾಗೇ ಇದೆ. ದೊಡ್ಡದರ ಹೊಟ್ಟೇಲೇ ಏನೋ ಇದೆ.”

ಸಿಲಿಂಡರ್ ಬಂದ್ ಮಾಡಿ, ಬರ್ನರ್ ಆರಿದ ಮೇಲೆ ತೆಗೆದು ಪೇಪರಿನ ಮೇಲೆ ಕುಟ್ಟಿದ. ಕರೀ ಕಾಳುಗಳು ಉದುರಿದವು. ತೂತುಗಳಲ್ಲಿ ಜಿಡ್ಡು ಗಟ್ಟಿಯಾಗಿತ್ತು.

“ಅನ್ನ ಇದು! ಇಲಿಗೇನಾದ್ರೂ ಇಟ್ಟಿದ್ರಾ?” ಎಂದು ನಕ್ಕ.

ಸೊಸೆ ನಗಲಿಲ್ಲ. ಮನೆಯಲ್ಲಿ ಅಡುಗೆ ಆಟ ಆಡುವವಳು ಒಬ್ಬಳೇ ತಾನೇ? “ನೀನೇನೇ ತುರುಕಿದ್ದು? ನಿನ್ನಿಂದ ನಮ್ಮಮ್ಮನ ಮನೇವ್ರು ಮಾತು ಕೇಳೋ ಹಂಗಾಯ್ತಲ್ಲೇ!” ಎಂದು ಮಗಳ ಬೆನ್ನಿಗೆ ಬಾರಿಸಿಯೇಬಿಟ್ಟಳು.

ಮಗು ಅಳಲಿಲ್ಲ. ತುಟಿ ಬಿಗಿಹಿಡಿದು ನನ್ನ ಮುಖ ನೋಡಿತು. ಹೇಳಬೇಡ ಅಂದಿದ್ದೆನಲ್ಲ, ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಗಿನವನ ಎದುರಿಗೆ ಹೇಗೆ ಹೇಳುವುದು ಎಂದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡೆ. ಅವನು ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ತೊಳೆದು ಒಣಗಿಸಿ ಹಚ್ಚಿದ. ನೀಲಿ ಉರಿ ಬುಸ್ಸೆಂದು ಎದ್ದಿತು. ಎಲ್ಲರ ಮುಖ ಅರಳಿತು, ನಮ್ಮಿಬ್ಬರದು ಬಿಟ್ಟು.

ಅವನು ಹೋದ ಮೇಲೂ ನನಗೆ ಹೇಳಲು ಬಾಯಿ ಬರಲಿಲ್ಲ. ಊಟಕ್ಕೆ ಕೂತಾಗ ಮೊಮ್ಮಗಳು ಕಿವಿಗೆ ಬಾಯಿಟ್ಟು ಕೇಳಿದಳು: “ಅಜ್ಜೀ, ಇವತ್ತು ಅಗ್ನಿಗೆ ಹಸಿವಾಗಲ್ವಾ?”

ಕಲಸಿದ ತುತ್ತು ತಟ್ಟೆಯಲ್ಲೇ ಉಳಿಯಿತು. “ಆ ಅನ್ನ ಹಾಕಿದ್ದು ನಾನು ಕಣಮ್ಮ. ದಿನಾ ಹಾಕ್ತಿದ್ದೆ. ಮಗೂಗೆ ಹೇಳ್ಬೇಡ ಅಂದಿದ್ದೂ ನಾನೇ” ಅಂದೆ.

ಸೊಸೆ ನನ್ನ ಕಡೆ ತಿರುಗಿದಳು. “ಅವಳಿಗೆ ಹೊಡೆದಾಗ ನೀವು ಅಲ್ಲೇ ನಿಂತಿದ್ರಲ್ಲ ಅತ್ತೆ?”

“ನಿಂತಿದ್ದೆ.”

“ನಮ್ಮ ತವರಿನ ಮಾತು ಬಿಡಿ. ಇವಳಿಗೇನು ಹೇಳ್ತೀರ?”

ಮೊಮ್ಮಗಳ ಕೈ ಹಿಡಿದು “ತಪ್ಪಾಯ್ತು ಕಣೇ ಪುಟ್ಟಿ” ಅಂದೆ. ಅವಳು, “ಹಂಗಾದ್ರೆ ಈಗ ಅಮ್ಮಂಗೆ ಹೇಳ್ಬೋದಾ?” ಅಂದಳು. ಹೇಳು ಅಂದೆ. ಆಗ ಅವಳಿಗೆ ಅಳು ಬಂತು, ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು. ಸೊಸೆ ಎಂಜಲು ಕೈಯಲ್ಲೇ ಎಳೆದು ತಬ್ಬಿಕೊಂಡಳು.

ಮಾರನೆಯ ದಿನ ಪಕ್ಕದ ಮನೆಯವಳಿಗೆ, ದುರ್ಗಿಗುಡಿ ಒಲೆಯಲ್ಲಿ ಏನೂ ಐಬಿರಲಿಲ್ಲ, ಐಬು ನನ್ನದು ಎಂದು ಹೇಳಿ ಬಂದೆ. ಅಗುಳನ್ನು ಈಗ ಒಲೆಯ ಪಕ್ಕ ಎಲೆಯ ಚೂರಿನ ಮೇಲೆ ಇಡುತ್ತೇನೆ.

ಮೊನ್ನೆ ಕಾಫಿ ಕೊಡುವಾಗ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಅವಳ ಬೆನ್ನು ಸವರಿದೆ. ಬಿದ್ದು ಬಿದ್ದು ನಕ್ಕಳು.

“ಯಾವ ಏಟು ಅಜ್ಜಿ? ಕಾಫಿ ಆರೋಗುತ್ತೆ, ಕುಡಿ.”