ಮೋನಿಕಾ ಆರಿಸಿಕೊಂಡ ನೀಲಿ ಗಾಡಿ

ಮೋನಿಕಾ ಮೊದಲ ಸಲ ರೇಸಿನ ಗಾಡಿಯಲ್ಲಿ ಕೂತಿದ್ದು ಇನ್ನೊಬ್ಬಳ ಕೈ ಉಳುಕಿದ್ದರಿಂದ. ಬಣಕಲ್ ಹತ್ತಿರದ ನಮ್ಮ ಎಸ್ಟೇಟಿನ ಸಾಹುಕಾರರು ಮಲ್ಲಿಕಾರ್ಜುನ ಅಂತ. ಅವರ ಮಗಳು ಅರ್ಪಿತಾ ಮೂಡಿಗೆರೆಯ ಆಟೋಕ್ರಾಸಿಗೆ ಹೆಸರು ಕೊಟ್ಟಿದ್ದಳು. ನಮ್ಮ ಕಡೆಯವರಿಗೆ ಈ ಆಟ ಹೊಸದೇನಲ್ಲ. ಕೊಯ್ಲಾದ ಗದ್ದೆಯನ್ನು ಸಮ ಮಾಡಿ, ಸುಣ್ಣದ ಗೆರೆ ಎಳೆದು, ತಿರುವಿನಲ್ಲಿ ಹಳೇ ಟೈರು ಜೋಡಿಸಿ, ಒಂದೊಂದೇ ಗಾಡಿ ಬಿಡುತ್ತಾರೆ. ಬೇಗ ಸುತ್ತಿ ಬಂದವರಿಗೆ ಕಪ್. ಹೆಂಗಸರಿಗೆ ಬೇರೆಯದೇ ವಿಭಾಗ.

ಅರ್ಪಿತಾ ಹಿಂದಿನ ದಿನ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ಅಷ್ಟರಲ್ಲಿ ಗಾಡಿ ಬಯಲಿಗೆ ಬಂದಾಗಿತ್ತು. ತಂದವನು ಎಸ್ಟೇಟಿನ ಡ್ರೈವರ್ ತಮ್ಮಯ್ಯ. ಮೋನಿಕಾ ಅವನ ಮಗಳು. ಮೂಡಿಗೆರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಚೀಟಿ ಬರೆಯುವ ಕೆಲಸ ಅವಳಿಗೆ. ಅವತ್ತು ರಜೆಯಾದ್ದರಿಂದ ಎಸ್ಟೇಟಿನ ಕೆಲಸದವರ ಲೈನ್ ಮನೆಗಳಲ್ಲಿರುವ ನಮ್ಮೆಲ್ಲರ ಜೊತೆ ನೋಡಲು ಬಂದಿದ್ದಳು.

“ತಮ್ಮಯ್ಯ, ನಿನ್ನ ಮಗಳಿಗೆ ಲೈಸೆನ್ಸ್ ಇದೆಯಲ್ಲ. ಅವಳೇ ಒಂದು ಸುತ್ತು ಹಾಕ್ಲಿ” ಅಂದರು ಸಾಹುಕಾರರು.

“ಅವಳು ಓಡ್ಸಿದ್ದು ನಮ್ಮ ಪಿಕಪ್ ಒಂದೇ ಸಾವ್ಕಾರ್ರೆ. ಇದು ರೇಸಿಂದು.”

“ಅದಕ್ಕೂ ನಾಲ್ಕೇ ಚಕ್ರ, ಇದಕ್ಕೂ ನಾಲ್ಕೇ ಚಕ್ರ. ಹೆದರ್ಬೇಡ ಮಾರಾಯ.”

ಮೋನಿಕಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಬಿಳಿ ಬಣ್ಣದ ಪುಟ್ಟ ಗಾಡಿ, ಹಿಂದೆ ಡಿಕ್ಕಿಯ ಜಾಗದಲ್ಲಿ ಮೇಲೆತ್ತುವ ಬಾಗಿಲು. ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ ಹೋಗುವಂತೆ ಕೊಯಮತ್ತೂರಿನಲ್ಲಿ ಕಟ್ಟಿಸಿದ್ದರಂತೆ. ಮೊದಲ ತಿರುವಿನಲ್ಲೇ ಅದರ ಹಿಂಬದಿ ಪಕ್ಕಕ್ಕೆ ಜಾರಿ ಧೂಳೆದ್ದಿತು. ಬೇಲಿಯ ಹತ್ತಿರ ಕೂತಿದ್ದ ಅವಳ ತಾಯಿ ಜವರಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು.

“ಹಿಂದಿಂದೇ ಮುಂದೆ ಬರ್ತಾ ಇದೆಯಲ್ರೇ! ಇವಳು ಎತ್ತ ಹೋಗ್ತಿದ್ದಾಳೆ?”

“ಕಣ್ಣು ಬಿಡೇ ಜವರಿ, ನಿನ್ನ ಮಗಳು ಹೋಗ್ಬೇಕಾದ ಕಡೆಗೇ ಹೋಗ್ತಿದ್ದಾಳೆ” ಅಂದಳು ನಮ್ಮ ಲೈನಿನ ಶಿವಗಂಗಮ್ಮ.

ಮೋನಿಕಾ ಹೆಂಗಸರಲ್ಲಿ ಮೊದಲನೆಯವಳಾದಳು. ಇಳಿದಾಗ ಅವಳ ಮುಖದ ತುಂಬ ನಗು. ಕಪ್ ಕೊಡುತ್ತಾರೆ ಬಾ ಅಂತ ಕರೆದರೆ ಅವಳು ಅಪ್ಪನ ತೋಳು ಹಿಡಿದು, “ಇನ್ನೊಂದು ಸಲ ಬಿಡ್ತಾರಾ ಕೇಳಪ್ಪ” ಅನ್ನುತ್ತಿದ್ದಳು. ಆಮೇಲೆ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಮುಂದಿನ ವರ್ಷ ಮತ್ತೆ ಓಡಿಸಬೇಕು, ಆಮೇಲೆ ಚಿಕ್ಕಮಗಳೂರಿನದಕ್ಕೂ ಹೋಗಬೇಕು.

ಸಾಹುಕಾರರಿಗೂ ಅವತ್ತು ಹಿಗ್ಗು. ಮೈಕ್ ಹಿಡಿದು ಎಲ್ಲರ ಎದುರಿಗೆ ಹೇಳಿಬಿಟ್ಟರು. ತಮ್ಮ ಶೆಡ್ಡಿನಲ್ಲಿ ಎರಡು ಗಾಡಿ ಇವೆ, ಈ ಬಿಳಿದು ಒಂದು, ಹೊರದೇಶದಿಂದ ತರಿಸಿದ ನೀಲಿಯದು ಒಂದು. ಮೋನಿಕಾ ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಲಿ. ಜನ ಚಪ್ಪಾಳೆ ಹೊಡೆದರು. ಮನೆಗೆ ಬಂದ ಮೇಲೆ ಅವರು ಅವಳನ್ನು ಕರೆಸಿ ಒಂದು ಮಾತು ಸೇರಿಸಿದರು.

“ಅವಸರ ಮಾಡ್ಬೇಡ. ಬಿಸಿಲಲ್ಲಿ ಯಾವ ಗಾಡಿನೂ ಚೆನ್ನಾಗಿಯೇ ಕಾಣ್ತದೆ. ಮಳೆ ಹಿಡೀಲಿ. ಒಂದು ತಿಂಗಳು ಅದನ್ನ, ಒಂದು ತಿಂಗಳು ಇದನ್ನ, ದಿನಾ ಕೆಲಸಕ್ಕೆ ಓಡ್ಸಿ ನೋಡು. ಆಮೇಲೆ ಹೇಳು.”

ಎಷ್ಟು ವಿಚಾರ ಮಾಡಿ ಮಾತಾಡುತ್ತಾರೆ ಅಂತ ತಮ್ಮಯ್ಯ ಲೈನಿನ ಮನೆಮನೆಗೂ ಹೇಳಿಕೊಂಡು ಬಂದ.

ಮಳೆ ಹಿಡಿಯಿತು. ಮೊದಲು ಬಿಳಿ ಗಾಡಿ. ಡಾಂಬರು ರಸ್ತೆಯಲ್ಲಿ ಅದರದ್ದೇನೂ ತಕರಾರಿರಲಿಲ್ಲ. ಹೈವೇ ಬಿಟ್ಟು ಲೈನಿಗೆ ಹತ್ತುವ ಮಣ್ಣಿನ ದಾರಿ ಇದೆಯಲ್ಲ, ಅಲ್ಲಿ ಹಿಂದಿನ ಚಕ್ರ ಬುರ್ರನೆ ತಿರುಗುತ್ತಿತ್ತು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಬಣಕಲ್ಲಿನ ಮೆಕ್ಯಾನಿಕ್ ರವಿ ಬಂದು ನೋಡಿದ.

“ಹಿಂದಿಂದ ತಳ್ಳೋ ಗಾಡಿಗೆ ಹಿಂದೆ ಭಾರ ಬೇಕು ಮಾರಾಯ್ತಿ. ನೀನೊಬ್ಳೇ ಮುಂದೆ ಕೂತ್ರೆ ಚಕ್ರಕ್ಕೆ ನೆಲ ಎಲ್ಲಿ ಸಿಗ್ತದೆ?”

ಅವತ್ತಿನಿಂದ ನಮಗೆ ಸುಗ್ಗಿ. ಸಂಜೆ ಕೆಲಸ ಬಿಟ್ಟ ಹೆಂಗಸರು ಹೈವೇ ಬದಿಯಲ್ಲಿ ಕಾಯುತ್ತಿದ್ದೆವು. ಮೋನಿಕಾ ಗಾಡಿ ನಿಲ್ಲಿಸಿ ತೂಕ ನೋಡಿಯೇ ಕರೆಯುತ್ತಿದ್ದಳು. “ಶಿವಗಂಗಜ್ಜಿ ಮೊದ್ಲು. ನೀವು ನಡುವೆ ಕೂರ್ಬೇಕು.”

“ನೋಡ್ರೇ, ನಾನು ತಿಂದಿದ್ದು ದಂಡ ಅಂತಿದ್ರಲ್ಲ. ಈಗ ಸಾವ್ಕಾರ್ರ ಗಾಡಿ ಹತ್ತಿಸ್ತಿರೋದು ನಾನೇ” ಅಂತ ಶಿವಗಂಗಮ್ಮ ಎದ್ದೆದ್ದು ಕೂತು ಭಾರ ಹಾಕುತ್ತಿದ್ದಳು.

ಆದರೆ ಆಷಾಢದ ಮಳೆ ಬಿದ್ದ ಮೇಲೆ ಶಿವಗಂಗಮ್ಮನ ಭಾರವೂ ಸಾಕಾಗಲಿಲ್ಲ. ನೇರಳೆ ಮರದ ತಿರುವಿನಲ್ಲಿ ಗಾಡಿ ಹೂತಿತು. ಎಲ್ಲರೂ ಇಳಿದು ನೂಕಿದೆವು. ಜವರಮ್ಮ ಸರಿಯಾಗಿ ಚಕ್ರದ ಹಿಂದೆ ನಿಂತಿದ್ದಳು. ಮೋನಿಕಾ ಎಕ್ಸಿಲೇಟರ್ ಒತ್ತಿದ್ದೇ ತಡ, ಜವರಮ್ಮ ಅಡಿಯಿಂದ ಮುಡಿಯ ತನಕ ಕೆಸರು. ಗಾಡಿ ಮುಂದೆ ಹೋಯಿತು, ಅವಳು ಬೋರಲು ಬಿದ್ದಳು. ಮಂಡಿ ಬಾತು ಎರಡು ವಾರ ಕೆಲಸಕ್ಕೆ ಹೋಗಲಾಗಲಿಲ್ಲ.

“ಕಪ್ ತಂದ್ಲಂತೆ ಕಪ್” ಅಂತ ಮಂಡಿಗೆ ಬಿಸಿ ನೀರು ಹಾಕಿಕೊಳ್ಳುತ್ತಾ ಬೈದಳು. “ಹೆತ್ತವಳನ್ನ ಗದ್ದೆ ಕೋಣ ಮಾಡಿದ್ಲು.”

ಆಮೇಲೆ ನೀಲಿ ಗಾಡಿ ಬಂತು. ಅದರ ಬಲ ನಾಲ್ಕೂ ಚಕ್ರಕ್ಕೆ. ಅದೇ ತಿರುವು, ಅದೇ ಕೆಸರು. ಹತ್ತಿದ್ದು ನಮಗೆ ಗೊತ್ತೇ ಆಗಲಿಲ್ಲ. ಒಳಗೆ ಯಾರು ಎಲ್ಲಿ ಕೂತರೂ ಅದಕ್ಕೆ ಒಂದೇ. ಶಿವಗಂಗಮ್ಮನಿಗೆ ಮಾತ್ರ ಸ್ವಲ್ಪ ಬೇಜಾರಾಯಿತು, ಅವಳನ್ನು ಮೊದಲು ಕರೆಯುವವರಿಲ್ಲ ಅಂತ.

ಯಾವುದು ಹಿಡಿಸಿತು ಅಂತ ತಮ್ಮಯ್ಯ ಕೇಳಿದಾಗ ನಾವೆಲ್ಲ ಅವರ ಜಗಲಿಯಲ್ಲೇ ಇದ್ದೆವು.

“ಬಿಳಿದು” ಅಂದಳು ಮೋನಿಕಾ. “ಅದ್ರಲ್ಲಿ ಕೂತ್ರೆ ಸೊಂಟಕ್ಕೇ ಗೊತ್ತಾಗ್ತದೆ ಅಪ್ಪ, ಈಗ ಹಿಂದೆ ಜಾರ್ತದೆ, ಈಗ ಹಿಡೀತದೆ ಅಂತ. ನೀಲಿದ್ರಲ್ಲಿ ನಂಗೇನೂ ಕೆಲಸ ಇಲ್ಲ. ಎಲ್ಲ ಅದೇ ನೋಡ್ಕೊಳ್ತದೆ.”

“ನಿಂಗೆ ದಿನಾ ಓಡ್ಸೋಕೆ ಗಾಡಿ ಬೇಕಾ, ವರ್ಷಕ್ಕೊಂದಿನ ಕುಣಿಸೋಕೆ ಬೇಕಾ? ಅವ್ವನ ಮಂಡಿ ನೋಡು. ನನ್ನ ಸೊಂಟನೂ ಹೋಗ್ತಾ ಬಂತು. ನಾಳೆ ನನ್ನ ಆಸ್ಪತ್ರೆಗೆ ಸಾಗಿಸೋಳು ನೀನೇ.”

ಮೋನಿಕಾ ಅವ್ವನ ಮಂಡಿ ನೋಡಿದಳು. “ನೀಲಿದ್ರಲ್ಲೂ ರೇಸಿಗೆ ಹೋಗ್ಬಹುದಲ್ಲ?”

“ಯಾಕೆ ಆಗಲ್ಲ? ನಾಲ್ಕು ಚಕ್ರದ ಬಲ ಇದ್ರೆ ಇನ್ನೂ ಜೋರು” ಅಂದ ತಮ್ಮಯ್ಯ. ಹೌದು ಹೌದು ಅಂದರು ಎಲ್ಲರೂ. ರವಿಯನ್ನು ಕೇಳಬೇಕು ಅಂತ ಯಾರಿಗೂ ತೋಚಲಿಲ್ಲ.

ಮಾರನೇ ದಿನ ಸಾಹುಕಾರರು ಎರಡೂ ಕೀ ಮೇಜಿನ ಮೇಲಿಟ್ಟರು. ಮೋನಿಕಾ ನೀಲಿಯದನ್ನು ಎತ್ತಿಕೊಂಡಳು.

“ಬುದ್ಧಿವಂತೆ” ಅಂದರು. “ಆರ್‌ಸಿ ನನ್ನ ಹೆಸರಲ್ಲೇ ಇರ್ಲಿ. ಇನ್ಶೂರೆನ್ಸು, ಪೆಟ್ರೋಲು ನಾನು ನೋಡ್ಕೊಳ್ತೇನೆ. ನಿಂಗ್ಯಾಕೆ ಆ ತಲೆನೋವು.”

ಆ ಮಳೆಗಾಲ ಮುಗಿಯುವಷ್ಟರಲ್ಲಿ ತಮ್ಮಯ್ಯನ ಸೊಂಟ ಪೂರ್ತಿ ಕೈ ಕೊಟ್ಟಿತು. ಅವನ ಜಾಗಕ್ಕೆ ಇನ್ನೊಬ್ಬ ಡ್ರೈವರ್ ಬರಲಿಲ್ಲ. ಪಿಕಪ್ಪನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿಸಿದರು. ಮಿಕ್ಕಿದ್ದಕ್ಕೆ, “ಹೆಂಗೂ ಪೇಟೆಗೆ ಹೋಗ್ತೀಯಲ್ಲ ಮೋನಿಕಾ” ಅಂತ ಫೋನ್ ಬರುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ನೆಂಟರನ್ನು ಕರೆದುಕೊಂಡು ಬಾ. ಕಾಫಿ ಸ್ಯಾಂಪಲ್ ಚಿಕ್ಕಮಗಳೂರಿಗೆ ಕೊಟ್ಟು ಬಾ. ಅಮ್ಮಾವ್ರನ್ನು ಮದುವೆಗೆ ಬಿಟ್ಟು, ಊಟ ಆಗುವ ತನಕ ಕಾದು ಕರೆದುಕೊಂಡು ಬಾ. ಅವರು ಕೊಟ್ಟ ಗಾಡಿ, ಅವರು ಹಾಕಿಸುವ ಪೆಟ್ರೋಲು, ಆಗಲ್ಲ ಅನ್ನುವುದು ಹೇಗೆ? ಲ್ಯಾಬಿನವರು ಕೆಲ ದಿನ ನೋಡಿದರು. ಆಮೇಲೆ ಅವಳ ಕುರ್ಚಿಯಲ್ಲಿ ಬೇರೆ ಹುಡುಗಿಯನ್ನು ಕೂರಿಸಿದರು. ಸಾಹುಕಾರರು ತಮ್ಮಯ್ಯನ ಸಂಬಳದಲ್ಲಿ ಅರ್ಧವನ್ನು ಅವಳಿಗೆ ಕೊಡಲು ಶುರು ಮಾಡಿದರು. ಅದನ್ನೂ ಉಪಕಾರ ಅಂತಲೇ ತಮ್ಮಯ್ಯ ಹೇಳಿಕೊಂಡ.

ಮೋನಿಕಾ ಗೊಣಗಲಿಲ್ಲ. ಜನವರಿಯ ಆಟೋಕ್ರಾಸ್ ಬರಲಿ ಅನ್ನುತ್ತಿದ್ದಳು. ನೆಂಟರನ್ನು ಇಳಿಸಿ ಖಾಲಿ ಗಾಡಿ ತರುವಾಗ ತಿರುವುಗಳಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕೆಲವು ಸಲ ದಾರಿಯಲ್ಲಿ ಹತ್ತಿದ ನಾವು ಸೀಟು ಗಟ್ಟಿಯಾಗಿ ಹಿಡಿದು ಕೂತದ್ದುಂಟು.

ಆಟೋಕ್ರಾಸಿನ ದಿನ ಬೆಳಿಗ್ಗೆ ಗಾಡಿ ತೊಳೆದು, ಹೊಸ ಶೂ ಹಾಕಿಕೊಂಡು ಹೋದಳು. ಹೆಸರು ಬರೆಸಿಕೊಳ್ಳುವ ಮೇಜಿನವನು ಬಾನೆಟ್ ಎತ್ತಿಸಿ ನೋಡಿದ, ಬಗ್ಗಿ ಅಡಿಯಲ್ಲೂ ನೋಡಿದ.

“ಇದು ಆಗಲ್ಲಮ್ಮ. ನಾಲ್ಕೂ ಚಕ್ರಕ್ಕೆ ಬಲ ಇರೋ ಗಾಡಿ ಹೆಂಗಸರ ವಿಭಾಗಕ್ಕೆ ತಗೊಳ್ಳಲ್ಲ. ಗಂಡಸ್ರು ಹೆಂಗಸ್ರು ಎಲ್ಲರಿಗೂ ಇರೋ ಓಪನ್ನಿಗೆ ಹಾಕ್ಬೇಕು. ಅದಕ್ಕೆ ಮಗುಚಿದ್ರೂ ಜಜ್ಜದ ಹಾಗೆ ಒಳಗೆ ಕಬ್ಬಿಣದ ಚೌಕಟ್ಟು ಕೂರಿಸಿರ್ಬೇಕು, ಮಾಲೀಕರ ಸಹಿನೂ ಬೇಕು.”

ಮೋನಿಕಾ ರವಿಯ ಕಡೆ ತಿರುಗಿದಳು. ಅವನು ಬಿಳಿ ಗಾಡಿಯ ಟೈರಿಗೆ ಗಾಳಿ ನೋಡುತ್ತಿದ್ದ.

“ನಿಂಗೆ ಗೊತ್ತಿತ್ತಾ ರವಿಯಣ್ಣ?”

“ಗೊತ್ತಿತ್ತು. ನೀನು ದಿನಾ ಓಡ್ಸೋಕೆ ತಗೊಂಡೆ ಅಂದ್ಕೊಂಡೆ ಮಾರಾಯ್ತಿ. ನೀನೆಲ್ಲಿ ನನ್ನ ಕೇಳಿದೆ?”

ಅವಳು ಸಾಹುಕಾರರ ಶಾಮಿಯಾನಕ್ಕೆ ಹೋದಳು. ನಾವೂ ಹಿಂದೆಯೇ ಹೋದೆವು. ಅರ್ಪಿತಾ ಹೆಲ್ಮೆಟ್ ಹಿಡಿದು ಕೂತಿದ್ದಳು.

“ಸರ್, ಬಿಳಿದ್ರಲ್ಲಿ ನಾನೂ ಒಂದು ಸುತ್ತು ಹಾಕ್ಲಾ? ಅರ್ಪಿತಕ್ಕ ಮುಗಿಸಿದ ಮೇಲೆ.”

“ಬಿಳಿದು ಈಗ ಅರ್ಪಿತನ ಹೆಸರಿಗೆ ಮಾಡಿಸಿದ್ದೇನಮ್ಮ. ಅವಳನ್ನ ಕೇಳು.”

ಅರ್ಪಿತಾ ನಕ್ಕಳು. ಕೆಟ್ಟ ಹುಡುಗಿಯೇನಲ್ಲ ಅವಳು. “ಒಂದು ದಿನಕ್ಕೆ ಒಂದು ಗಾಡಿಗೆ ಒಬ್ರೇ ಅಲ್ವಾ ಮೋನಿ. ನೀನು ಬಿಳಿದು ತಗೊಂಡ್ಬಿಡ್ತೀಯ ಅಂತ ನಾನು ಎಷ್ಟು ಅತ್ತಿದ್ದೆ ಗೊತ್ತಾ? ಅಪ್ಪ ಅವತ್ತೇ ಹೇಳಿದ್ರು, ಅಳ್ಬೇಡ, ಮಳೇಲಿ ಓಡ್ಸೋಕೆ ಹೇಳಿದ್ದೇನೆ, ಆ ರಸ್ತೇಲಿ ಓಡ್ಸಿದ್ರೆ ಅವಳು ನೀಲಿದೇ ತಗೊಳ್ತಾಳೆ ಅಂತ.”

ಸಾಹುಕಾರರು ಕಾಫಿ ಲೋಟ ಕೆಳಗಿಟ್ಟರು.

“ನಾನು ಯಾರ ಮೇಲೂ ಹೇರ್ಲಿಲ್ಲ. ಎರಡೂ ಕೀ ನಿನ್ನ ಮುಂದೇನೇ ಇಟ್ಟಿದ್ದೆ. ಆರಿಸ್ಕೊಂಡಿದ್ದು ಯಾರು?”

“ನಾನೇ ಸರ್” ಅಂದಳು ಮೋನಿಕಾ. “ಹಾಗಾದ್ರೆ ಮುಂದಿನ ವರ್ಷಕ್ಕೆ ಇದಕ್ಕೆ ಚೌಕಟ್ಟು ಹಾಕಿಸಿ ಓಪನ್ನಿಗೆ ಹೋಗ್ತೇನೆ. ನಿಮ್ಮ ಸಹಿ ಬೇಕು.”

“ಚೌಕಟ್ಟು ಹಾಕಿದ್ರೆ ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ? ಆಟದಲ್ಲಿ ಗಾಡಿಗೆ ಎಂತದಾದ್ರೂ ಆದ್ರೆ ನಮ್ಮ ಮನೆಯವರು ಚಿಕ್ಕಮಗಳೂರಿಗೆ ಹೋಗೋದು ಹೇಗೆ? ದಿನಾ ಬೇಕಾಗೋ ಗಾಡಿ ಅದು ಮೋನಿಕಾ.”

ಅರ್ಪಿತಾ ಅವತ್ತು ಮೂರನೆಯವಳಾಗಿ ಬಂದಳು. ಮೋನಿಕಾ ಬೇಲಿಯ ಹತ್ತಿರ ನಮ್ಮ ಜೊತೆ ಕೂತು ಕೊನೆಯ ತನಕ ನೋಡಿದಳು. ಬಿಳಿ ಗಾಡಿ ತಿರುವಿಗೆ ಬಂದಾಗೆಲ್ಲ ಅವಳ ಬಲಗಾಲು ನೆಲ ಒತ್ತುತ್ತಿತ್ತು. ಸಂಜೆ ಸಾಹುಕಾರರ ಮನೆಯವರನ್ನು ನೀಲಿ ಗಾಡಿಯಲ್ಲಿ ಮನೆಗೆ ತಂದು ಬಿಟ್ಟವಳೂ ಅವಳೇ.

ಮಾರನೇ ಬೆಳಿಗ್ಗೆ ಬಂಗಲೆಗೆ ಹೋಗಿ ಕೀ ಕೊಟ್ಟಳು. ಅಂಗಳದಲ್ಲಿ ಮೆಣಸು ಹರಡುತ್ತಿದ್ದವರಿಗೆಲ್ಲ ಕೇಳಿಸಿತು.

“ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಮನುಷ್ಯ ಅಲ್ಲ ನಾನು” ಅಂದರು ಸಾಹುಕಾರರು.

“ಕೊಟ್ಟಿದ್ರೆ ಆರ್‌ಸಿ ನನ್ನ ಹೆಸರಲ್ಲಿ ಇರ್ತಿತ್ತು ಸರ್. ನೀವು ಡ್ರೈವರ್ ಇಟ್ಕೊಂಡ್ರಿ ಅಷ್ಟೇ.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾದದ್ದು ನಮ್ಮವರು. ತಮ್ಮಯ್ಯ ವಾರಗಟ್ಟಲೆ ಮಗಳ ಹತ್ತಿರ ಮಾತು ಬಿಟ್ಟ. ಜವರಮ್ಮ ಮಂಡಿ ತಿಕ್ಕಿಕೊಳ್ಳುತ್ತಾ ಅತ್ತಳು. ಮಳೆಗಾಲ ಬರುವ ಮೊದಲೇ ಶಿವಗಂಗಮ್ಮ ನಲ್ಲಿಯ ಹತ್ತಿರ ಎಲ್ಲರೆದುರು ಕೇಳಿಬಿಟ್ಟಳು: “ನಿನ್ನ ರೋಷಕ್ಕೆ ನಮ್ಮ ಕಾಲು ಸವೀಬೇಕಾ? ಎಂತ ಕಡಿಮೆಯಾಗಿತ್ತು ನಿಂಗೆ? ಕಾರಲ್ಲಿ ಓಡಾಡ್ತಿದ್ದೆ.”

ಮೋನಿಕಾ ಕೊಡ ತುಂಬಿಸಿಕೊಂಡು ಹೋದಳು.

ಕಾಲು ಸವೆಯುವ ಪ್ರಮೇಯವೇನೂ ಬರಲಿಲ್ಲ. ಸಾಹುಕಾರರು ದರ್ಶನ್ ಅಂತ ಒಬ್ಬನನ್ನು ಡ್ರೈವರಾಗಿ ಇಟ್ಟರು, ಪೂರ್ತಿ ಸಂಬಳಕ್ಕೆ. ಸಂಜೆ ದಾರಿಯಲ್ಲಿ ಸಿಕ್ಕ ನಮ್ಮನ್ನು ಅವನೂ ಹತ್ತಿಸಿಕೊಳ್ಳುತ್ತಾನೆ. ಲ್ಯಾಬಿನಲ್ಲಿ ಮೋನಿಕಾಳಿಗೆ ಜಾಗ ಇರಲಿಲ್ಲ. ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಸಿಕ್ಕಿದೆ. ಬೆಳಗಿನಿಂದ ರಾತ್ರಿಯ ತನಕ ನಿಂತೇ ಇರಬೇಕು. ಲೈನಿನ ದಾರಿ ಇಳಿದು, ಹೈವೇ ಬದಿಯಲ್ಲಿ ನಿಂತು ಬಸ್ಸಿಗೆ ಕಾಯುತ್ತಾಳೆ.

ಕಳೆದ ವಾರ ಜೋರು ಮಳೆ. ಜವರಮ್ಮನ ಮಂಡಿ ತೋರಿಸಲು ನಾವು ಮೂವರು ನೀಲಿ ಗಾಡಿಯಲ್ಲಿ ಮೂಡಿಗೆರೆಗೆ ಹೊರಟಿದ್ದೆವು. ಮೋನಿಕಾ ಛತ್ರಿ ಹಿಡಿದು ನಿಂತಿದ್ದಳು, ಸೀರೆಯ ನೆರಿಗೆ ಪೂರ್ತಿ ನೆಂದಿತ್ತು. ಜವರಮ್ಮ ಕಿಟಕಿ ಇಳಿಸಿದಳು.

“ಹತ್ತೇ. ಅಲ್ಲಿಗೇ ಹೋಗ್ತಿದೆ.”

“ಬನ್ನಿ ಅಕ್ಕ, ಬೇಕಾದ್ರೆ ನೀವೇ ಓಡ್ಸಿ” ಅಂದ ದರ್ಶನ್, ಮರ್ಯಾದೆಗೆ.

“ನೀವು ಹೋಗಿ. ಬಸ್ ಬರ್ತದೆ.”

ಗಾಡಿ ಮುಂದೆ ಹೋಯಿತು. ಶಿವಗಂಗಮ್ಮ ಹಿಂತಿರುಗಿ ನೋಡಿ, “ಸೊಕ್ಕು ನೋಡು ಅವಳದ್ದು” ಅಂದಳು.

ಯಾವಾಗಲೂ ಅದಕ್ಕೆ ಹೂಂಗುಟ್ಟುತ್ತಿದ್ದ ಜವರಮ್ಮ ಕಿಟಕಿ ಏರಿಸಿದಳು.

“ಹೌದು. ಅದೊಂದಾದ್ರೂ ಇರ್ಲಿ ಬಿಡು.”